ಗೋ ಆಟದಲ್ಲಿ 14 ಕ್ಯೂಗೆ (ಕಲಿಯುವವರ ದರ್ಜೆ, ಅಂಕಿ ಇಳಿದಷ್ಟೂ ಮಟ್ಟ ಮೇಲೆ) ಬಂದು ನಿಂತುಬಿಟ್ಟಿದ್ದೇನೆ. ಇನ್ನು ಯಾವ ಜೋಸೆಕಿಗಳನ್ನು (ಮೂಲೆಯಲ್ಲಿ ಇಬ್ಬರಿಗೂ ಸಮವೆನ್ನುವ ಸಿದ್ಧ ನಡೆಸಾಲುಗಳನ್ನು) ಬಾಯಿಪಾಠ ಮಾಡಬೇಕು?

ಒಂದೂ ಬೇಡ. "ಆಟ ಮುಗಿದ ಕೂಡಲೇ ಕಾಟಾಗೋಗೆ (ಗೋ ಆಡುವ, ಆಟವನ್ನು ವಿಶ್ಲೇಷಿಸುವ ಎಐ ತಂತ್ರಾಂಶಕ್ಕೆ) ಹಾಕಿ ಅದು ತೋರಿಸುವ ಒಳ್ಳೆಯ ನಡೆಗಳನ್ನು ನೋಡಿಕೊಳ್ಳುತ್ತೇನೆ, ಆದರೂ ಮೇಲೇರುತ್ತಿಲ್ಲ" ಅಂದಿದ್ದೀರಿ. ಈ ಪಾಡು ನನಗೆ ಹೊಸದಲ್ಲ. ತೊಡಕಿರುವುದು ಜೋಸೆಕಿಯಲ್ಲಲ್ಲ, ನೀವು ಆಟವನ್ನು ತಿರುಗಿ ನೋಡುವ ರೀತಿಯಲ್ಲಿ.

ಒಂದು ಉದಾಹರಣೆ. ಹಲಗೆಯ ಬದಿಯಲ್ಲಿ, ಅಂಚಿನಿಂದ ಎರಡನೇ ಗೆರೆಯ ಮೇಲೆ ನಿಮ್ಮ ಏಳು ಕಪ್ಪು ಕಲ್ಲು ಸಾಲಾಗಿವೆ. ಎರಡೂ ತುದಿಗೆ, ಮೇಲಕ್ಕೆ ಬಿಳಿಯ ಗೋಡೆ. ಬಿಳಿ ಮೊದಲು ಆಡಿದರೆ ಒಂದು ತುದಿಯಿಂದ ಮೊದಲ ಗೆರೆಗೆ ನುಗ್ಗುತ್ತದೆ, ನೀವು ತಡೆಯುತ್ತೀರಿ. ಇನ್ನೊಂದು ತುದಿಯಿಂದಲೂ ಹಾಗೆಯೇ. ಒಳಗೆ ಉಳಿಯುವುದು ಮೂರು ಖಾಲಿ ಜಾಗ. ನಡುವಿನದರಲ್ಲಿ ಬಿಳಿ ಕೂತರೆ ಗುಂಪು ಸತ್ತಿತು. ನೀವೇ ಮೊದಲು ಒಂದು ತುದಿ ಮುಚ್ಚಿದ್ದರೆ ಸಾಲಾಗಿ ನಾಲ್ಕು ಜಾಗ ಉಳಿದು ಎರಡು ಕಣ್ಣು (ಗುಂಪಿನೊಳಗಿನ ಖಾಲಿ ಜಾಗ, ಇಂಥ ಎರಡಿದ್ದರೆ ಗುಂಪನ್ನು ಹಿಡಿಯಲಾಗದು) ಖಚಿತ. ಕಲ್ಲು ಆರೇ ಆದರೆ ನೀವು ಮೊದಲು ಆಡಿದರೂ ಸಾವು, ಎಂಟಾದರೆ ಕೈಯೇ ಹಾಕಬೇಕಿಲ್ಲ.

ನಿಮ್ಮ ಮಟ್ಟದಲ್ಲಿ ಇದು ಇಬ್ಬರಿಗೂ ಕಾಣುವುದಿಲ್ಲ. ಇಬ್ಬರೂ ಬೇರೆ ಕಡೆ ಹತ್ತು ನಡೆ ಆಡುತ್ತಾರೆ. ಆ ಗುಂಪಿನ ಬೆಲೆ ಇಪ್ಪತ್ತು ಅಂಕದ ಆಸುಪಾಸು, ಹಾಗಾಗಿ ಕಾಟಾಗೋ ಲೆಕ್ಕದಲ್ಲಿ ಪ್ರತಿ ನಡೆಯೂ ಮಹಾ ತಪ್ಪು: ಒಮ್ಮೆ ನಿಮ್ಮದು, ಒಮ್ಮೆ ಎದುರಾಳಿಯದು. ಯಾರು ಎಷ್ಟು ಮುಂದಿದ್ದಾರೆಂದು ಅದು ತೋರಿಸುವ ಗ್ರಾಫ್ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ. ನೀವು ಹತ್ತು ತಪ್ಪು ಎಂದುಕೊಂಡು ಹತ್ತು ಕಡೆ ಕಾರಣ ಹುಡುಕುತ್ತೀರಿ. ಆಗಿರುವುದು ಒಂದೇ ತಪ್ಪು, ಅದೂ ಹತ್ತು ನಡೆ ಹಿಂದೆ. ಅದರ ಪಕ್ಕದಲ್ಲೇ ಆರಂಭದ ಒಂದೂವರೆ ಅಂಕದ ಜೋಸೆಕಿ ತಪ್ಪನ್ನೂ ಅದು ಬಣ್ಣ ಹಚ್ಚಿ ತೋರಿಸುತ್ತದೆ. ಹೆಸರಿರುವ ತಪ್ಪು ನೆನಪಿನಲ್ಲಿ ಉಳಿಯುತ್ತದೆ, ಇಪ್ಪತ್ತು ಅಂಕದ್ದು ಜಾರಿಹೋಗುತ್ತದೆ.

ಅದಕ್ಕೇ ಕ್ರಮವನ್ನು ತಲೆಕೆಳಗು ಮಾಡಿ. ಮೊದಲು ಯಂತ್ರವಿಲ್ಲದೆ ಎಸ್‌ಜಿಎಫ್ ಫೈಲ್ (ಆಟದ ನಡೆಗಳ ದಾಖಲೆ) ತೆರೆದು ಆಟವನ್ನು ಮೊದಲಿಂದ ಆಡಿಸಿ. ಅನುಮಾನ ಬಂದ ಮೂರು ಜಾಗದಲ್ಲಿ ಆಗ ಏನು ಯೋಚಿಸಿದ್ದಿರಿ ಎಂದು ಟಿಪ್ಪಣಿ ಬರೆಯಿರಿ. "ಈ ಗುಂಪು ಬದುಕಿದೆ ಅಂದುಕೊಂಡೆ" ಅಷ್ಟೇ ಸಾಕು. ಆಮೇಲೆ ಕಾಟಾಗೋ ತೆರೆಯಿರಿ, 5 ಅಂಕಕ್ಕಿಂತ ಕಡಿಮೆ ನಷ್ಟದ ನಡೆಗಳ ಕಡೆ ತಿರುಗಿಯೂ ನೋಡಬೇಡಿ. ಗರಗಸ ಕಂಡರೆ ಅದರ ಮೊದಲ ಹಲ್ಲಿಗೆ ಹೋಗಿ. ಆ ಸ್ಥಿತಿಯನ್ನು ಬೇರೆ ಫೈಲಿಗೆ ತೆಗೆದು, ಕಪ್ಪು ಮೊದಲು, ಬಿಳಿ ಮೊದಲು, ಎರಡೂ ರೀತಿ ಬಿಡಿಸಿ. ಅದೇ ನಿಮ್ಮ ತ್ಸುಮೆಗೊ (ಗುಂಪಿನ ಸಾವು-ಬದುಕಿನ ಸಮಸ್ಯೆ). ಯಂತ್ರ ಹೇಳಿದ ನಡೆಯ ನಂತರದ ಐದಾರು ನಡೆಗಳನ್ನು ನೀವಾಗಿಯೇ ಆಡಲು ಆಗದಿದ್ದರೆ ಆ ನಡೆ ನಿಮ್ಮದಲ್ಲ, ಬಿಟ್ಟುಬಿಡಿ.

ದಿನಕ್ಕೆ ಇಪ್ಪತ್ತು ಸುಲಭ ತ್ಸುಮೆಗೊ ಮಾಡಿ. ಒಂದೊಂದಕ್ಕೆ ಒಂದು ನಿಮಿಷ ಮೀರಿದರೆ ಅದು ನಿಮಗಿನ್ನೂ ಕಷ್ಟದ್ದು. ಕೊನೆಯವರೆಗೆ ಮನಸ್ಸಿನಲ್ಲೇ ಆಡಿ ಮುಗಿಸದೆ ಕಲ್ಲು ಇಡಬೇಡಿ. ಆ್ಯಪ್‌ನಲ್ಲಿ ಒಂದು ಕಡೆ ಒತ್ತಿ, ತಪ್ಪೆಂದು ಕೆಂಪು ಬಂದರೆ ಇನ್ನೊಂದು ಕಡೆ ಒತ್ತುವುದು ಅಭ್ಯಾಸವೇ ಅಲ್ಲ.

ಜೋಸೆಕಿ ಬಗ್ಗೆ ಇಷ್ಟೇ: 2016ರಲ್ಲಿ ಗೋ ಆಡುವ ಎಐ ಆಲ್ಫಾಗೋ, ಕೊರಿಯಾದ ಅಗ್ರ ವೃತ್ತಿಪರ ಲೀ ಸೆಡೊಲ್‌ರನ್ನು 4-1ರಿಂದ ಸೋಲಿಸಿದ ಮೇಲಿನ ವರ್ಷಗಳಲ್ಲಿ ವೃತ್ತಿಪರ ಆಟಗಾರರೇ ಎಷ್ಟೋ ಹಳೆಯ ಜೋಸೆಕಿಗಳನ್ನು ಕೈಬಿಟ್ಟರು. ಮೂಲೆಯ ನಕ್ಷತ್ರ ಬಿಂದುವಿನ (ಎರಡೂ ಅಂಚಿನಿಂದ ನಾಲ್ಕನೇ ಗೆರೆ ಕೂಡುವ ಜಾಗ) ಕಲ್ಲಿನ ಕೆಳಗೆ ಎದುರಾಳಿ 3-3ಕ್ಕೆ (ಮೂರನೇ ಗೆರೆಗಳು ಕೂಡುವ ಜಾಗಕ್ಕೆ) ನುಗ್ಗಿದಾಗ ಯಾವ ಕಡೆಯಿಂದ ತಡೆಯಬೇಕು ಎಂಬುದನ್ನು ಮಾತ್ರ ಕಲಿಯಿರಿ. ಸಾಮಾನ್ಯವಾಗಿ ನಿಮ್ಮ ಗೋಡೆಗೆ ಹೆಚ್ಚು ಬಯಲು ಸಿಗುವ ಕಡೆಯಿಂದ. ಉಳಿದದ್ದು ಸಿಂಗಲ್ ಕ್ಯೂಗೆ (9 ಕ್ಯೂ ಅಥವಾ ಮೇಲಿನ ಮಟ್ಟಕ್ಕೆ) ಬಂದ ಮೇಲೆ ನೋಡೋಣ.

ಇನ್ನು ಐದು ನಿಮಿಷದ ಆಟಗಳನ್ನು ನಿಲ್ಲಿಸಿ. 20 ನಿಮಿಷ, ಮೇಲೆ 30 ಸೆಕೆಂಡಿನ ಐದು ಬ್ಯೋಯೋಮಿ (ಮುಖ್ಯ ಸಮಯ ಮುಗಿದ ಮೇಲೆ ಸಿಗುವ ಹೆಚ್ಚುವರಿ ಅವಧಿ) ಇಟ್ಟುಕೊಳ್ಳಿ. ಯೋಚಿಸದೇ ಇಟ್ಟ ಕಲ್ಲಿಗೆ ಟಿಪ್ಪಣಿ ಬರೆಯಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.