ಪ್ರತಿಕ್ರಿಯೆ: ಸೌದೆ ಸೀಳುವಾಗ ಚಾಕು ಮುಕ್ಕಾಗುತ್ತಿದೆ

ಒಣ ಸೌದೆ ಸೀಳುವಾಗ ನಿಮ್ಮ ಕಾರ್ಬನ್ ಸ್ಟೀಲ್ ಚಾಕು ಮುಕ್ಕಾಗಲು ಬಹುಶಃ ಅಂಚನ್ನು ತೀರಾ ತೆಳ್ಳಗೆ ಸಾಣೆ ಹಿಡಿದಿರುವುದೇ ಕಾರಣ. ಉಗುರನ್ನು ಪಕ್ಕದಿಂದ ಅಂಚಿನ ಹೊರಕ್ಕೆ ಜಾರಿಸಿ ನೋಡಿ: ಒಂದೇ ಬದಿಯಲ್ಲಿ ತಡೆದರೆ ಅಂಚು ಮಡಚಿದೆ ಅಷ್ಟೆ, ಚೂರು ಹಾರಿಲ್ಲ. ಎರಡಕ್ಕೂ ಮದ್ದು ಒಂದೇ. ನೀರಲ್ಲಿ ನೆನೆಸಿದ 400 ಗ್ರಿಟ್ (ಅಂಕಿ ಹೆಚ್ಚಿದಷ್ಟೂ ನಯ) ಸಾಣೆಕಲ್ಲಿನ ಮೇಲೆ ಪ್ರತಿ ಬದಿಗೆ 22ರಿಂದ 25 ಡಿಗ್ರಿ ಹಿಡಿದು, ಮುಕ್ಕು ಹೋಗುವವರೆಗೆ ಉಜ್ಜಿ. ಆಮೇಲೆ 1000 ಗ್ರಿಟ್, ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಎಳೆಯಿರಿ. ಸಾಣೆ ಹಿಡಿಯುವ ಗ್ರೈಂಡರ್ ಯಂತ್ರಕ್ಕೆ ಮಾತ್ರ ಕೊಡಲೇಬೇಡಿ. ಅದರ ಬಿಸಿಗೆ ಅಂಚು ನೀಲಿಗಟ್ಟಿತೆಂದರೆ ಉಕ್ಕಿನ ಹದ ಹೋಯಿತು, ಆ ಭಾಗ ಪೂರ್ತಿ ಸವೆಸುವವರೆಗೆ ಹರಿತ ನಿಲ್ಲುವುದಿಲ್ಲ.

ಸೀಳುವಾಗ ಗಂಟು ತಪ್ಪಿಸಿ, ಚಾಕುವಿನ ಬೆನ್ನಿಗೆ ಮರದ ಕೊಡತಿಯಿಂದಲೇ ಹೊಡೆಯಿರಿ. ಸಿಕ್ಕಿಕೊಂಡರೆ ಪಕ್ಕಕ್ಕೆ ಮೀಟಬೇಡಿ, ಚೂರು ಹಾರುವುದು ಹೆಚ್ಚಾಗಿ ಆಗಲೇ. ಸೌದೆಯ ಕೆಳಗೆ ಕಲ್ಲಲ್ಲ, ಮರದ ದಿಮ್ಮಿ ಇಡಿ.