‘ಝೀರೋ ಸೆವೆನ್’ ಲೇಖನ: ಮೂರನೇ ಪುಟದಿಂದ ಶುರು ಮಾಡಿ

ನಮಸ್ಕಾರ.

ಬ್ರಿಟನ್ನಿನ ಸಂಗೀತ ಜೋಡಿ ಝೀರೋ ಸೆವೆನ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟದಲ್ಲಿ ‘ಮಾಂತ್ರಿಕ ಸಂಗೀತ’ ಐದು ಸಲ ಬಂದಿದೆ. ನನಗೆ ಒಂದು ಹಾಡೂ ಕೇಳಿಸಲಿಲ್ಲ. ಆಮೇಲೆ ಆಲ್ಬಮ್‌ಗಳ ಪಟ್ಟಿ: 2001, 2004, 2006, 2009. ಇಸವಿಗಳು ಸರಿಯಾಗಿವೆ. ಆದರೆ ಅಷ್ಟು ಯಾರಿಗಾದರೂ ಸಿಗುತ್ತದೆ, ಅಲ್ವಾ?

ನಿಮ್ಮ ನಿಜವಾದ ಕತೆ ಮೂರನೇ ಪುಟದ ಒಂದೇ ಸಾಲಿನಲ್ಲಿದೆ. ಈ ಜೋಡಿಯ ಹೆನ್ರಿ ಬಿನ್ಸ್ ಮತ್ತು ಸ್ಯಾಮ್ ಹಾರ್ಡೇಕರ್ ಲಂಡನ್ನಿನ ಆರ್‌ಎಕೆ ಸ್ಟುಡಿಯೋದಲ್ಲಿ ಟೀ ತಂದುಕೊಡುವ ಹುಡುಗರಾಗಿ ಸೇರಿ ಸೌಂಡ್ ಎಂಜಿನಿಯರ್‌ಗಳಾದರು. ಬೇರೆಯವರ ದನಿ ಚೆಂದ ಕೇಳುವಂತೆ ಮಾಡುವುದೇ ಅವರ ದಿನದ ಕೆಲಸ. ಅಲ್ಲೇ ದುಡಿದ ನೈಜೆಲ್ ಗಾಡ್ರಿಚ್ ಮುಂದೆ ರೇಡಿಯೋಹೆಡ್ ಎಂಬ ರಾಕ್ ತಂಡದ ಸಂಗೀತ ನಿರ್ಮಾಪಕರಾದರು. 1997ರಲ್ಲಿ ರೇಡಿಯೋಹೆಡ್ ಹಾಡೊಂದಕ್ಕೆ ಮಾಡಿದ ರೀಮಿಕ್ಸ್ ಈ ಜೋಡಿಗೆ ಹೆಸರು ತಂದಿತು. ಇದನ್ನೆಲ್ಲ ಸುಮ್ನೆ ದಾಟಿಬಿಟ್ಟಿದ್ದೀರಿ!

ಒಂದು ತಪ್ಪೂ ಇದೆ. ಅವರನ್ನು ‘ಇಬ್ಬರು ಗಾಯಕರು’ ಎಂದಿದ್ದೀರಿ. ಅವರು ಹಾಡು ಕಟ್ಟುವ ಸಂಗೀತ ನಿರ್ಮಾಪಕರು. ಹಾಡಿದವರು ಹೆಚ್ಚಾಗಿ ಬೇರೆಯವರು: ಸಿಯಾ, ಸೋಫಿ ಬಾರ್ಕರ್, ಮೋಜೆಜ್, ಆಮೇಲೆ ಟೀನಾ ಡೀಕೊ, ಹೊಸೆ ಗೊನ್ಸಾಲೆಸ್. ‘ಸಿಂಪಲ್ ಥಿಂಗ್ಸ್’ ಆಲ್ಬಮ್‌ನ ‘ಡೆಸ್ಟಿನಿ’ಯನ್ನು ಹೆಡ್‌ಫೋನ್ ಹಾಕಿ ಇನ್ನೊಮ್ಮೆ ಕೇಳಿ. ಡ್ರಮ್‌ಗೆ ಅವಸರವಿಲ್ಲ. ಸಿಯಾ ಮತ್ತು ಸೋಫಿಯ ದನಿ ಪಕ್ಕಪಕ್ಕದಲ್ಲಿ ಬಂದು ಕೂರುತ್ತವೆ. ಹಾಡು ಕಟ್ಟಿದ ಇಬ್ಬರೂ ಹಿಂದೆ ಸರಿದು ಜಾಗ ಬಿಟ್ಟಿದ್ದಾರೆ. ಆಗಿನ್ನೂ ಸಿಯಾ ಈಗಿನಷ್ಟು ದೊಡ್ಡ ಹೆಸರಲ್ಲ. ಆ ಆಲ್ಬಮ್ ವರ್ಷದ ಒಳ್ಳೆಯ ಆಲ್ಬಮ್‌ಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿಯ 2001ರ ಅಂತಿಮ ಪಟ್ಟಿಗೆ ಬಂತು. ಪ್ರಶಸ್ತಿಯ ಮಾತು ಒಂದು ಸಾಲು ಸಾಕು. ಆ ಬಿಟ್ಟ ಜಾಗದ ಬಗ್ಗೆ ಒಂದು ಪುಟ ಬರೆಯಿರಿ.

2009ರ ‘ಯಾ ಘೋಸ್ಟ್’ ಅನ್ನು ‘ಅವನತಿ’ ಎಂಬ ಒಂದೇ ಪದದಲ್ಲಿ ಮುಗಿಸಿದ್ದೀರಿ. ನಾನು ಒಪ್ಪುವುದಿಲ್ಲ. ಅದರಲ್ಲಿ ಸಿಯಾ ಇಲ್ಲ, ಗಾಯಕಿ ಎಸ್ಕಾ ಇದ್ದಾರೆ. ಲಯ ಚುರುಕಾಗಿದೆ. ‘ಮಿಸ್ಟರ್ ಮೆಗೀ’ ಕೇಳಿದರೆ ಸುಸ್ತಾದವರ ಹಾಡು ಅನಿಸುವುದಿಲ್ಲ, ಹಳೇ ದಾರಿ ಸಾಕೆನಿಸಿದವರ ಹಾಡು ಅನಿಸುತ್ತದೆ. ನಿಮಗೆ ಇಷ್ಟವಾಗದಿದ್ದರೆ ಪರವಾಗಿಲ್ಲ. ಯಾವ ಹಾಡಿನಲ್ಲಿ, ಎಲ್ಲಿ ಬೇಸರವಾಯಿತು ಅಂತ ಹೇಳಿ.

ಮೊದಲ ಎರಡು ಪುಟ ತೆಗೆದುಬಿಡಿ. ಆ ಸ್ಟುಡಿಯೋದಿಂದ ಶುರು ಮಾಡಿ ಮತ್ತೆ ಕಳಿಸಿ. ಬಂದ ದಿನವೇ ಓದುತ್ತೇನೆ.