ಗೂಡಿರುವ ಮರದ ಕೆಳಗಿನ ಮನೆಯವರನ್ನು ಯಾರು ನೋಡಿಕೊಳ್ಳಬೇಕು?

ಪ್ರಿಯ ಓದುಗರೇ,

ನಿಮ್ಮ ಪತ್ರ ತಲುಪಿತು. ನಿಮ್ಮ ಹಿತ್ತಲಿನ ಹುಣಸೆ ಮರಕ್ಕೆ ಮಳೆಗಾಲ ಬಂತೆಂದರೆ ಬೆಳ್ಳಕ್ಕಿಗಳು ಬಂದು ಗೂಡು ಕಟ್ಟುತ್ತವೆ. ನೆಲವೆಲ್ಲ ಹಿಕ್ಕೆ, ಬಟ್ಟೆ ಒಣಹಾಕಲು ಜಾಗವಿಲ್ಲ, ಜೊತೆಗೆ ನಿಮ್ಮ ಅತ್ತೆಯವರಿಗೆ ಉಬ್ಬಸ. ಅಕ್ಕಪಕ್ಕದವರು ಮರ ಕಡಿಸಿ ಅನ್ನುತ್ತಾರೆ. ಬೆಂಗಳೂರಿನಿಂದ ಬಂದ ನೆಂಟರು ಫೋಟೊ ತೆಗೆದುಕೊಂಡು, ನೀವು ಪುಣ್ಯವಂತರು ಎಂದು ಹೇಳಿ ಹೋದರು. ಕೊನೆಗೆ ಕೇಳಿದ್ದೀರಿ: “ಸೃಷ್ಟಿಯ ಸಮತೋಲನ ಅಂತ ನೀವು ಬರೆಯುತ್ತಲೇ ಇರುತ್ತೀರಿ. ಅದರ ಭಾರವೆಲ್ಲ ನನ್ನ ಹಿತ್ತಲಿನ ಮೇಲೇ ಯಾಕೆ ಬೀಳಬೇಕು ಸರ್?”

ಬೀಳಬಾರದು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಹಕ್ಕಿಗಳ ಬಗ್ಗೆ ಬರೆಯುವ ನಮ್ಮಂಥವರು ಮರದ ಮೇಲೆ ನೋಡುವಷ್ಟು ಮರದ ಕೆಳಗೆ ನೋಡುವುದು ಕಡಿಮೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹೆಸರು ನೀವು ಕೇಳಿಯೇ ಇರುತ್ತೀರಿ. ಶಿಂಷಾ ನದಿಯ ಹತ್ತಿರದ ಊರು. ಅಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್ ಹಕ್ಕಿಗಳು) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಕಾಡಿನಲ್ಲಲ್ಲ, ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲಿ. ಹಿಂದೆ ಪ್ಲೇಗ್ ಬಂದು ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಊರಿನವರು ಹೇಳುತ್ತಾರೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಇವು ಅನ್ನುವ ಮಾತೂ ಅಲ್ಲಿದೆ. ಈ ಮಾತನ್ನು ಎಲ್ಲರೂ ಬರೆಯುತ್ತಾರೆ, ಚೆನ್ನಾಗಿಯೂ ಇದೆ. ಆದರೆ ಬರೀ ಪ್ರೀತಿಯಿಂದ ಆ ಗೂಡುಗಳು ಉಳಿಯಲಿಲ್ಲ.

ಅಲ್ಲಿನ ರೈತರು ಮರದ ಬುಡದಲ್ಲಿ ಗುಂಡಿ ತೆಗೆದು, ಕೆರೆಯ ಗೋಡುಮಣ್ಣು ತುಂಬಿಸುತ್ತಿದ್ದರು. ಹಿಕ್ಕೆ ಅದರ ಮೇಲೆ ಬಿದ್ದು ಮಣ್ಣಿನೊಳಗೆ ಬೆರೆಯುತ್ತಿತ್ತು. ಆಮೇಲೆ ಅದು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು. ಕೆರೆಯ ಮೀನು ಹಕ್ಕಿಗೆ, ಹಕ್ಕಿಯ ಹಿಕ್ಕೆ ಬೆಳೆಗೆ. ನೀವು ಕೇಳಿದ ಸಮತೋಲನ ಆ ಗುಂಡಿಯಲ್ಲಿತ್ತು. ಹಕ್ಕಿ ಕೊಡುವ ತೊಂದರೆಗೆ ಹಕ್ಕಿಯಿಂದಲೇ ಒಂದಿಷ್ಟು ವಾಪಸ್ ಬರುತ್ತಿತ್ತು, ಅದೂ ತೊಂದರೆ ಪಟ್ಟವರಿಗೇ.

ಚೀಲದ ಗೊಬ್ಬರ ಸಿಗತೊಡಗಿದ ಮೇಲೆ ಈ ಲೆಕ್ಕ ತಪ್ಪಿತು. ಹಿಕ್ಕೆಗೆ ಬೆಲೆ ಹೋಯಿತು, ವಾಸನೆ ಮಾತ್ರ ಉಳಿಯಿತು. ಹುಣಸೆ ಹಣ್ಣು ಬಡಿಯುವ ಕಾಲವೂ ಗೂಡಿನಲ್ಲಿ ಮೊಟ್ಟೆ, ಮರಿ ಇರುವ ಕಾಲವೂ ಒಂದೇ. ಹಕ್ಕಿಗಾಗಿ ಮರ ಬಿಟ್ಟರೆ ಆ ವರ್ಷದ ಹುಣಸೆ ಹಣ್ಣು ಹೋದ ಹಾಗೆಯೇ. ಬಡವರ ಮನೆಯಲ್ಲಿ ಅದು ಸಣ್ಣ ನಷ್ಟವಲ್ಲ. ಮರಗಳು ಮಾರಾಟವಾದವು, ಗೂಡುಗಳು ಕಡಿಮೆಯಾದವು. ಕಡಿದವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಅರಣ್ಯ ಇಲಾಖೆ ಗೂಡಿರುವ ಮರದ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ತಂದಿದ್ದು ಇದಕ್ಕೇ. ಆ ಹಣ ಸಾಲದು, ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂಬ ದೂರೂ ಇದೆ. 1990ರ ದಶಕದಲ್ಲಿ ಮೈಸೂರಿನ ಪಕ್ಷಿಪ್ರಿಯರು ಊರಿನ ಯುವಕರ ಜೊತೆ ಸೇರಿದರು, ‘ಹೆಜ್ಜಾರ್ಲೆ ಬಳಗ’ ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಬೇಲಿ ಹಾಕಿದ ಜಾಗದಲ್ಲಿಟ್ಟು, ಮೀನು ತಿನ್ನಿಸಿ, ಹಾರುವಷ್ಟು ಬೆಳೆಸಿ ಬಿಡುವ ಕೆಲಸ ಅವರದು. 2007ರಲ್ಲಿ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದರು. ಇದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಘೋಷಣೆಗಿಂತ ಬಳಗ. ಮರದ ಯಜಮಾನ ಒಬ್ಬನೇ ಹೊರುತ್ತಿದ್ದ ಭಾರಕ್ಕೆ ಇನ್ನಷ್ಟು ಜನ ಹೆಗಲು ಕೊಟ್ಟರು.

ನಿಮ್ಮ ಊರಿನಲ್ಲಿ ಕಾಣೆಯಾಗಿರುವುದು ಇದೇ. ಉಳುವಾಗ ಟ್ರಾಕ್ಟರಿನ ಹಿಂದೆ ಓಡಾಡಿ ಹುಳು, ಮಿಡತೆ ತಿನ್ನುವುದು ಬೆಳ್ಳಕ್ಕಿಗಳೇ ಅಲ್ವಾ? ಲಾಭ ಊರ ಗದ್ದೆಗೆಲ್ಲ, ಹಿಕ್ಕೆ ಮಾತ್ರ ನಿಮ್ಮ ಹಿತ್ತಲಿಗೆ. ಹಕ್ಕಿಯನ್ನು ಕಾಪಾಡಬೇಕು ಎನ್ನುವವರು ಮೊದಲು ನಿಮ್ಮ ಅತ್ತೆಯವರ ಉಸಿರಾಟವನ್ನು ವಿಚಾರಿಸಬೇಕು. ಇವೆರಡೂ ಬೇರೆ ಬೇರೆ ಕೆಲಸ ಎಂದು ನನಗೆ ಅನ್ನಿಸುವುದಿಲ್ಲ. ಒಬ್ಬರನ್ನೊಬ್ಬರು ನೋಡಿಕೊಳ್ಳದ ಬೀದಿಯಲ್ಲಿ ಗೂಡು ಜಾಸ್ತಿ ದಿನ ಉಳಿಯುವುದಿಲ್ಲ.

ಈಗ ಮಾಡಬಹುದಾದ್ದನ್ನು ಹೇಳುತ್ತೇನೆ. ಮೊಟ್ಟೆ, ಮರಿ ಇರುವಾಗ ಮರಕ್ಕೆ ಕೊಡಲಿ ಹಾಕಿಸಬೇಡಿ. ಕಾಡುಹಕ್ಕಿಯ ಗೂಡು ಕೆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬೆಳ್ಳಕ್ಕಿಯ ಮೊಟ್ಟೆ ಒಡೆಯಲು ಮೂರು ವಾರಕ್ಕಿಂತ ಸ್ವಲ್ಪ ಜಾಸ್ತಿ ಬೇಕು, ಮರಿ ಚೆನ್ನಾಗಿ ಹಾರಲು ಇನ್ನೊಂದು ತಿಂಗಳಿಗೂ ಮೇಲೆ. ಗೂಡುಗಳೆಲ್ಲ ಖಾಲಿಯಾದ ಮೇಲೆ ಮನೆಯ ಮೇಲೆ ಚಾಚಿದ ಕೊಂಬೆಗಳನ್ನು ಮಾತ್ರ ತೆಗೆಸಿ. ಅದಕ್ಕೆ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಒಂದು ಮಾತು ಕೇಳಿ. ಉಳಿದ ಮರ ಹಕ್ಕಿಗಳಿಗೆ ಸಾಕು.

ಒಣಗಿದ ಹಿಕ್ಕೆಯನ್ನು ಹಾಗೇ ಗುಡಿಸಬೇಡಿ. ಅದರ ದೂಳು ಒಳ್ಳೆಯದಲ್ಲ, ಉಬ್ಬಸದವರಿಗಂತೂ ಕೂಡದು. ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಬಾಚಿ ತೆಗೆಯಿರಿ. ಅತ್ತೆಯವರ ಮಂಚ ಮರದ ಕಡೆಯ ಕಿಟಕಿಯ ಹತ್ತಿರ ಇದ್ದರೆ ಬೇರೆ ಕೋಣೆಗೆ ಹಾಕಿಸಿ, ಡಾಕ್ಟರಿಗೂ ಹಕ್ಕಿಗಳ ವಿಷಯ ಹೇಳಿ. ಮರದ ಬುಡದಲ್ಲಿ ಬೆಳ್ಳೂರಿನವರ ಹಾಗೆ ಮಣ್ಣು, ತರಗೆಲೆ ಹರಡಿದರೆ ವಾಸನೆ ತಗ್ಗುತ್ತದೆ. ಮಳೆಗಾಲ ಮುಗಿದ ಮೇಲೆ ಅದನ್ನು ಬಾಚಿ ಕೊಳೆಯಲು ಬಿಟ್ಟರೆ ತೆಂಗಿನ ಬುಡಕ್ಕೆ ಗೊಬ್ಬರ.

ಬಟ್ಟೆ ಒಣಹಾಕುವ ಜಾಗಕ್ಕೆ ಒಂದು ಶೀಟು ಬೇಕು, ವಾರಕ್ಕೊಮ್ಮೆ ಹಿತ್ತಲು ತೊಳೆಯಲು ಇನ್ನೊಬ್ಬರ ಕೈ ಬೇಕು. ಇವೆರಡನ್ನೂ ನೀವು ನಿಮ್ಮ ಖರ್ಚಿನಲ್ಲಿ ಮಾಡಿಸಿಕೊಳ್ಳಬೇಡಿ. ಬೀದಿಯವರನ್ನು, ಹತ್ತಿರದ ಶಾಲೆಯ ಮೇಷ್ಟ್ರನ್ನು, ನಿಮ್ಮ ವಾರ್ಡಿನ ಸದಸ್ಯರನ್ನು ಒಂದು ಭಾನುವಾರ ಮನೆಗೆ ಕರೆಯಿರಿ. ಮರದ ಕೆಳಗೇ ಕೂರಿಸಿ. ಈ ಪುಟ ತೋರಿಸಿ, ಶೀಟಿಗೆ ಯಾರು ಎಷ್ಟು ಕೊಡುತ್ತೀರಿ, ಯಾವ ವಾರ ಯಾರು ಬರುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ. ಅವರು ಏನೆಂದರು ಅಂತ ನನಗೆ ಬರೆಯಿರಿ.

— ಸಂಪಾದಕ